ಹದಿನಾರು ಎಡಗಂಟು

ದೆವ್ವ, ಗಾಳಿ, ಶಕುನ ಯಾವುದನ್ನೂ ನಂಬಿದವಳಲ್ಲ ನಾನು. ಯಾರಾದರೂ ಅಂಥ ಕಥೆ ತೆಗೆದರೆ, ಕೆಲಸವಿಲ್ಲದವರ ಮಾತು ಎಂದು ಎದ್ದು ಹೋಗುತ್ತಿದ್ದೆ. ಇದನ್ನು ನೀವೂ ನಂಬಬೇಕಿಲ್ಲ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು, ಆದದ್ದನ್ನು ಆದಂತೆ ಬರೆಯುತ್ತೇನೆ.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಸಿಂಗಟಗೆರೆಯಲ್ಲಿ ನಮ್ಮದೊಂದು ಪಿಕಪ್ ಗಾಡಿ ಇತ್ತು, ನನಗಿಂತ ನಾಲ್ಕೇ ವರ್ಷ ಚಿಕ್ಕದು. ಮಗಳು ಚೊಚ್ಚಲ ಹೆರಿಗೆಗೆ ಬಂದಿದ್ದಳು. ಮಗು ಅಡ್ಡ ಮಲಗಿದೆ, ನೋವು ಶುರುವಾದ ತಕ್ಷಣ ಕಡೂರಿಗೆ ಕರೆತನ್ನಿ ಎಂದಿದ್ದರು ಡಾಕ್ಟರಮ್ಮ. ಕಡೇ ಬಸ್ಸು ಹೋದಮೇಲೆ ನಮಗಿದ್ದದ್ದು ಆ ಗಾಡಿಯೊಂದೇ. ಅದರ ಹಿಂದಿನ ಆಕ್ಸಲ್ ಕೆರೆ ಏರಿಯ ಮೇಲೆ ತುಂಡಾಯಿತು. ಇಳಿಯುವಾಗ ಯಜಮಾನರ ಕಾಲೂ ಉಳುಕಿತು.

"ಇದರದ್ದೇ ಎಲ್ಲೂ ಸಿಗಲ್ಲ ಕಣೇ. ಬೇರೆ ಗಾಡೀದಾದ್ರೂ ಕೂರುತ್ತೆ. ಉದ್ದ ಒಂದೇ ಇದ್ದು, ತುದೀಲಿರೋ ಹಲ್ಲು ಅಷ್ಟೇ ಇರ್ಬೇಕು. ಒಂದ್ ಹಲ್ಲು ಹೆಚ್ಕಮ್ಮಿ ಆದ್ರೂ ಒಳಕ್ಕೋಗಲ್ಲ," ಎಂದರು.

ಮುರಿದ ತುಂಡನ್ನೇ ಹೊತ್ತು ಬಸ್ಸಿಗೆ ಹೋದೆ. "ಎಣ್ಣೆ ಕಬ್ಬಿಣ ಹತ್ತಿಸ್ಬೇಡವ್ವ, ಜನ ಒಳ್ಳೇ ಬಟ್ಟೆ ಹಾಕ್ಕಂಡವ್ರೆ," ಎಂದ ಕಂಡಕ್ಟರ್. ಅವನು ಸೀಟಿ ಊದುತ್ತಿದ್ದಂತೆಯೇ ಸೀರೆಯ ಹಸಿರು ಅಂಚಿನಿಂದ ಒಂದೆಳೆ ಕಿತ್ತು, ಹಲ್ಲಿಗೊಂದರಂತೆ ಗಂಟು ಹಾಕಿದೆ. ಹದಿನೇಳು. ಎರಡು ತುಂಡು ಸೇರಿಸಿ ನಿಲ್ಲಿಸಿ ನೋಡಿದ್ದರಿಂದ, ಉದ್ದ ನನ್ನ ಸೊಂಟದವರೆಗೆ ಬರುವುದು ಗೊತ್ತಿತ್ತು. ತುಂಡನ್ನು ಟೀ ಅಂಗಡಿಯಲ್ಲಿ ಬಿಟ್ಟು ಬಸ್ ಹತ್ತಿದೆ.

ನಾನು ಎಡಚಿ. ನನ್ನ ಗಂಟು ಉಲ್ಟಾ ಸುತ್ತುತ್ತದೆ. "ಎಡಗಂಟಿನೋಳು ಕಟ್ಟಿದ ಹೂವ ದೇವ್ರೂ ಮುಡಿಯಲ್ಲ," ಎಂದು ಅತ್ತೆ ಸಾಯುವವರೆಗೂ ಹಂಗಿಸಿದರು.

ಕಡೂರಿನಲ್ಲಿ ಇಲ್ಲ, ಅಜ್ಜಂಪುರದಲ್ಲಿ ಇಲ್ಲ. ತರೀಕೆರೆಯ ಗುಜರಿಗೆ ಹೋದಾಗ ಮೂರು ಗಂಟೆ, ಸುಡುಬಿಸಿಲು. ಗುಜರಿಯವನು ಒಂದು ಆಕ್ಸಲ್ ಎಳೆದು ಹಾಕಿದ. ಸೊಂಟದುದ್ದ, ಹದಿನೇಳು ಹಲ್ಲು. "ಹೇಳಿ ಮಾಡಿಸ್ದಂಗದೆ, ತಗೊಂಡೋಗವ್ವ," ಎಂದ.

ಎತ್ತಲು ಬಗ್ಗಿದಾಗ ರಾಶಿಯೊಳಗೆ ಅಷ್ಟೇ ಉದ್ದದ ಇನ್ನೊಂದು ಕಂಡಿತು. ಅದರ ಕತ್ತಿಗೊಂದು ದಾರ ಸುತ್ತಿತ್ತು, ಗ್ರೀಸಿನಲ್ಲಿ ಕಪ್ಪಾಗಿ ಗಟ್ಟಿಯಾದದ್ದು. ಉಗುರಿನಿಂದ ಕೆರೆದೆ. ಹಸಿರು. ಉದ್ದಕ್ಕೂ ಗಂಟು. ಎಲ್ಲವೂ ಎಡಗಂಟು. ಎಣಿಸಿದೆ, ಹದಿನಾರು. ಆ ಆಕ್ಸಲ್‌ನ ಹಲ್ಲೂ ಹದಿನಾರೇ.

"ಇದನ್ನ ಯಾರಯ್ಯ ಕಟ್ಟಿದ್ದು?"

"ಯಾರಿಗ್ಗೊತ್ತು? ಗಣಿ ಗಾಡೀದು, ನಮ್ಮಪ್ಪನ ಕಾಲ್ದಿಂದ ಬಿದ್ದದೆ. ಹದಿನೇಳು ಬೇಕು ಅಂದೋಳು ನೀನೇ ತಾನೆ? ಬಿಸ್ಲು ತಲೆಗೇರ್ತಾ?"

ನಾನು ಅದನ್ನೇ ತಂದೆ. ಯಾಕೆ ಎಂದು ಕೇಳಬೇಡಿ. ಬರುವಾಗಿನ ಕಂಡಕ್ಟರ್ ತಕರಾರು ಮಾಡಲಿಲ್ಲ, ಮಾಡಿದ್ದರೂ ನಾನು ಕೇಳುವ ಸ್ಥಿತಿಯಲ್ಲಿರಲಿಲ್ಲ.

"ಎಣಿಸೋಕೂ ಬರಲ್ವೇನೇ? ಹದಿನೇಳು ಅಂತೀಯ, ಹದಿನಾರು ತರ್ತೀಯ," ಎಂದು ಯಜಮಾನರು ಬೈದರು. ಆಮೇಲೆ ಮುರಿದ ತುಂಡಿನ ಒಂದು ಹಲ್ಲಿಗೆ ಸುಣ್ಣ ಹಚ್ಚಿ ಅಲ್ಲಿಂದ ಸುತ್ತ ಎಣಿಸಿದರು. ಹದಿನಾರೇ. ಗುರುತು ಮಾಡದೆ ಎಣಿಸಿದ ನಾನು ಮೊದಲಿನ ಹಲ್ಲನ್ನು ಕೊನೆಗೂ ಎಣಿಸಿಬಿಟ್ಟಿದ್ದೆ. ಆಕ್ಸಲ್ ಬೆಣ್ಣೆಗೆ ಚಾಕು ಇಳಿದಂತೆ ಕೂತಿತು.

ಎರಡು ದಿನ ಬಿಟ್ಟು, ಕಡೇ ಬಸ್ಸು ಹೋದಮೇಲೇ ಮಗಳಿಗೆ ನೋವು ಬಂತು. ತಾಯಿ, ಮಗು ಇಬ್ಬರೂ ಉಳಿದರು.

ಆ ದಾರ ದೇವರು ಕಟ್ಟಿದ್ದು ಎಂದರು ಜನ. ದೇವರೂ ಎಡಚನೇ ಎಂದು ಕೇಳಿದೆ. ಆ ಸೀರೆ ಹೊಸದು, ಊರೂರು ತಿರುಗಬೇಕಲ್ಲ ಎಂದು ಅಂದೇ ಮೊದಲ ಸಲ ಉಟ್ಟದ್ದು. ಮತ್ತೆ ಉಡಲಿಲ್ಲ, ಪೆಟ್ಟಿಗೆಯಲ್ಲಿದೆ. ಆಗಾಗ ತೆಗೆದು ಬೆಳಕಿಗೆ ಹಿಡಿಯುತ್ತೇನೆ.

ನಾನು ಕಿತ್ತದ್ದು ಒಂದೇ ಎಳೆ. ಅಂಚಿನಲ್ಲಿ ಎರಡು ಎಳೆಯ ಜಾಗ ಖಾಲಿ ಇದೆ.