ಹದಿನಾಲ್ಕು ಗುಳಿಗಳ ಹಟ

ಕಾಪುವಿನ ಮೀನುಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ಇನ್ನೂ ನಸುಕು. ಹರಿಣಾಕ್ಷಿ ಚಾವಡಿಯ ಪೂರ್ವದ ಕಿಟಕಿ ತೆರೆದು, ಅದರ ಕೆಳಗೆ ಚೆನ್ನೆಮಣೆ ಇಟ್ಟು, ಚಕ್ಕಳಮಟ್ಟೆ ಹಾಕಿ ಕೂರುತ್ತಾರೆ. ಮಣೆಯ ಆಚೆಗೆ ಏಳು ಗುಳಿ, ಈಚೆಗೆ ಏಳು. ಒಂದರಿಂದ ಕೆಂಪು ಮಂಜೊಟ್ಟಿ ಕಾಯಿಗಳನ್ನು ಬಾಚಿ ಮುಂದಿನ ಗುಳಿಗಳಿಗೆ ಒಂದೊಂದಾಗಿ ಬಿಡುತ್ತಾ ಹೋಗುತ್ತಾರೆ. ಆಟಿ ತಿಂಗಳ ಮಳೆಯಲ್ಲಿ ತುಳುನಾಡಿನ ಮನೆಗಳಲ್ಲಿ ಆಡುವ ಅದೇ ಆಟ. ವ್ಯತ್ಯಾಸವೆಂದರೆ, ಇಲ್ಲಿ ಪ್ರತಿ ಕಾಯಿ ಬಿದ್ದಾಗಲೂ ಮೂಲೆಯ ಸ್ಪೀಕರಿನಲ್ಲಿ ರಾಗ ಬದಲಾಗುತ್ತದೆ.

ಗೋಡೆಗೆ ಒರಗಿಸಿದ ಮೀನಿನ ಕ್ರೇಟುಗಳೊಳಗೆ ಅವರು ಕೈಯಾರೆ ಕಟ್ಟಿರುವುದು ಮಾಡ್ಯುಲರ್ ಸಿಂಥಸೈಜರ್. ಹೆಸರು ಕೇಳಿ ಹೆದರಬೇಕಿಲ್ಲ. ಒಂದು ಡಬ್ಬಿ ಸ್ವರ ಹುಟ್ಟಿಸುತ್ತದೆ, ಇನ್ನೊಂದು ಅದನ್ನು ತಿದ್ದುತ್ತದೆ, ಮತ್ತೊಂದು ಯಾವ ಸ್ವರ ಯಾವಾಗ ಬರಬೇಕೆಂದು ಹೇಳುತ್ತದೆ. ವಯರು ಚುಚ್ಚಿ ಇವುಗಳನ್ನು ಹೇಗೆ ಬೇಕಾದರೂ ಬೆಸೆಯಬಹುದು. ಸರದಿ ಹೇಳುವ ಆ ಡಬ್ಬಿಗೆ ಸೀಕ್ವೆನ್ಸರ್ ಎನ್ನುತ್ತಾರೆ. ಅಂಗಡಿಯ ಸೀಕ್ವೆನ್ಸರಿಗೆ ಸಾಮಾನ್ಯವಾಗಿ ಹದಿನಾರು ಹೆಜ್ಜೆ. ಹರಿಣಾಕ್ಷಿಯವರಿಗೆ ಚೆನ್ನೆಮಣೆಯೇ ಸೀಕ್ವೆನ್ಸರ್, ಹಾಗಾಗಿ ಹದಿನಾಲ್ಕು. ಪ್ರತಿ ಗುಳಿಯ ತಳದಲ್ಲಿ ಬೆಳಕನ್ನು ಅಳೆಯುವ ಪುಟ್ಟ ಕಣ್ಣು ಉಂಟು. ಕಾಯಿ ಹೆಚ್ಚಿದಷ್ಟೂ ಸ್ವರ ತಗ್ಗುತ್ತದೆ. ಗುಳಿ ಖಾಲಿಯಾದರೆ ಮೌನ. ಹೊತ್ತೇರಿ ಕಿಟಕಿಯ ಬೆಳಕು ಹೆಚ್ಚುತ್ತಿದ್ದಂತೆ ಇಡೀ ರಾಗವೇ ಮೆಲ್ಲಗೆ ಮೇಲೇಳುತ್ತದೆ.

"ಬೆಳಗ್ಗೆ ಬೇಗ ಏಳುವುದು ಎಂತಕ್ಕೆ ಅಂದರೆ, ಸೂರ್ಯನಿಗೂ ಒಂದು ಕೈ ಆಡಲಿಕ್ಕೆ ಕೊಡಬೇಕಲ್ವಾ?" ಎನ್ನುತ್ತಾರೆ ಅವರು, ಮಣೆಯಿಂದ ತಲೆ ಎತ್ತದೆ.

ತಾಯಿ ರತ್ನಾವತಿ ತಲೆಹೊರೆಯಲ್ಲಿ ಮೀನು ಮಾರಿ ಮಗಳನ್ನು ಓದಿಸಿದವರು. ಕಾರ್ಕಳದ ಒಂದು ಮೈಕ್‌ಸೆಟ್ ಅಂಗಡಿಗೆ ಬಿಲ್ಲು ಬರೆಯಲು ಸೇರಿದ ಹರಿಣಾಕ್ಷಿ, ಅಲ್ಲಿ ಸೋಲ್ಡರಿಂಗ್ ಕಡ್ಡಿ ಹಿಡಿದವರು ಇಂದಿಗೂ ಕೆಳಗಿಟ್ಟಿಲ್ಲ. ಈಗ ಊರಲ್ಲೇ ಸ್ವಂತ ಅಂಗಡಿ. ಹಗಲೆಲ್ಲ ಬೋಟುಗಳ ವಯರ್‌ಲೆಸ್, ಭಜನಾ ಮಂದಿರಗಳ ಆಂಪ್ಲಿಫೈಯರ್ ರಿಪೇರಿ. ಜೀವ ಹೋದ ಸೆಟ್ಟುಗಳ ಬಿಡಿಭಾಗಗಳೇ ಆ ಕ್ರೇಟುಗಳೊಳಗೆ ಹಾಡುತ್ತಿರುವುದು.

"ಅಂಗಡಿಗೆ ಬಂದವರು ಈಗಲೂ ರಿಪೇರಿಯವರು ಎಲ್ಲಿ ಅಂತ ಕೇಳ್ತಾರೆ. ನಾನೇ ಅಂದರೆ ಒಳಗೆ ಇಣುಕಿ ನೋಡ್ತಾರೆ, ಗಂಡಸರು ಯಾರಾದರೂ ಉಂಟಾ ಅಂತ. ಇಣುಕಲಿ. ಒಳಗೆ ಬೆಕ್ಕು ಉಂಟು."

ಮಣೆ ಮಾತ್ರ ರತ್ನಾವತಿಯವರದ್ದು, ತವರಿನಿಂದ ತಂದದ್ದು. ಅದರ ತಳಕ್ಕೆ ಡ್ರಿಲ್ ಇಳಿಸಿದ ದಿನ ಮನೆಯಲ್ಲಿ ಒಲೆ ಹೊತ್ತಿರಲಿಲ್ಲ. "ಕೇಳಿದ್ದರೆ ಅಮ್ಮ ಕೊಡ್ತಿರಲಿಲ್ಲ. ಅದಕ್ಕೇ ಕೇಳಲಿಲ್ಲ" ಎಂದು ಮಗಳು ನೇರವಾಗಿಯೇ ಒಪ್ಪಿಕೊಳ್ಳುತ್ತಾರೆ. ಹೊಸ್ತಿಲ ಬಳಿ ಬಂಗುಡೆಯ ಹೊಟ್ಟೆ ಸೀಳುತ್ತಿರುವ ತಾಯಿಯ ಸಿಟ್ಟು ಇನ್ನೂ ಆರಿಲ್ಲ. "ಆಟಿ ಮುಗಿದ ಮೇಲೆ ಚೆನ್ನೆ ಅಟ್ಟಕ್ಕೆ ಹೋಗಬೇಕು. ಇವಳದ್ದು ವರ್ಷ ಇಡೀ ಆಟ. ಅದೂ ತೂತು ಮಾಡಿದ ಮಣೆಯಲ್ಲಿ!" ಅಂದಿನಿಂದ ಅವರು ಮಣೆ ಮುಟ್ಟಿಲ್ಲ, ಆಟಿಯಲ್ಲೂ. ಇಬ್ಬರು ಆಡಬೇಕಾದ ಆಟವನ್ನು ಹರಿಣಾಕ್ಷಿ ಎರಡೂ ಬದಿಗೆ ಕೈಚಾಚಿ ಒಬ್ಬರೇ ಆಡುತ್ತಾರೆ.

ಹೊರಗಿನವರ ತಕರಾರು ಬೇರೆ. ಕಳೆದ ವರ್ಷ ಕಾರ್ಕಳದ ಒಂದು ಕಾರ್ಯಕ್ರಮದಲ್ಲಿ ಇವರ ಸಂಗೀತಕ್ಕೆ ಕುಣಿಯಲು ಹೊರಟವರ ಕಾಲು ತಪ್ಪಿತು. ಹದಿನಾರು ಎಣಿಸಿ ತಿರುಗುವಷ್ಟರಲ್ಲಿ ರಾಗ ಆಗಲೇ ಮುಂದಿನ ಸುತ್ತಿನಲ್ಲಿತ್ತು. ಸಂಘಟಕರು ನಡುವೆಯೇ ಸ್ಪೀಕರ್ ಬಂದ್ ಮಾಡಿಸಿದರು. ಒಬ್ಬಾತನಂತೂ ವೇದಿಕೆಗೇ ಬಂದು ಪೆನ್‌ಡ್ರೈವ್ ಎಲ್ಲಿದೆ ಎಂದು ಹುಡುಕಿದ. ಸಿಕ್ಕಿದ್ದು ಬರೀ ಮಂಜೊಟ್ಟಿ ಕಾಯಿ.

"ನನ್ನ ತಾಳ ತಪ್ಪಿದ್ದಲ್ಲ ಮಾರಾಯ್ರೆ, ಅವರ ಎಣಿಕೆ ತಪ್ಪಿದ್ದು" ಎನ್ನುವಾಗ ಅವರ ದನಿ ಗಡಸಾಗುತ್ತದೆ. ಆ ಅವಮಾನ ಇನ್ನೂ ಉರಿಯುತ್ತಿದೆ. ಅದನ್ನವರು ಮುಚ್ಚಿಡುವುದೂ ಇಲ್ಲ.

ಆ ಮೇಲೆ ಯಾರೂ ಕರೆದಿರಲಿಲ್ಲ. ಈಗ ಮಣಿಪಾಲದಲ್ಲಿ ಸಂಗೀತ ಸಂಜೆ ಏರ್ಪಡಿಸುತ್ತಿರುವ ಪ್ರತೀಕ್ ಎಂಬ ಯುವಕ ಕರೆದಿದ್ದಾನೆ, ಒಂದು ಷರತ್ತಿನ ಮೇಲೆ: ಹದಿನಾರು ಹೆಜ್ಜೆ ಇರಬೇಕು. ಉತ್ತರ ಇವತ್ತೇ ಬೇಕು. ಇದೂ ಕೈತಪ್ಪಿದರೆ ಮತ್ತೆ ವೇದಿಕೆ ಸಿಗುವುದು ಕಷ್ಟವೆಂದು ಹರಿಣಾಕ್ಷಿಗೆ ಗೊತ್ತು. ಹಾಗೆಂದೇ ಮೊನ್ನೆ ಎರಡು ಡಬ್ಬಿ ಮುಚ್ಚಳಗಳನ್ನು ಹೆಚ್ಚುವರಿ ಗುಳಿಗಳಾಗಿ ಮಣೆಯ ಬದಿಗೆ ಜೋಡಿಸಿ ನೋಡಿದ್ದರು.

"ಕೇಳಲಿಕ್ಕೆ ಎಲ್ಲ ಸರಿ ಇತ್ತು, ಮದುವೆ ಹಾಲ್‌ನ ಡಿಜೆಯ ಹಾಗೆ. ಆದರೆ ಕೈ ಎಲ್ಲಿ ಹೋಗಬೇಕು ಅಂತ ಕೈಗೇ ಗೊತ್ತಾಗಲಿಲ್ಲ. ಕಿತ್ತು ಬಿಸಾಡಿದೆ."

ಬಿಸಿಲು ಮಣೆಯ ಅಂಚಿಗೆ ಬರುವಾಗ ಫೋನು ಬಡಿದುಕೊಳ್ಳುತ್ತದೆ. ಕೈಯಲ್ಲಿ ಕಾಯಿ ಇರುವುದರಿಂದ ಹರಿಣಾಕ್ಷಿ ಸ್ಪೀಕರ್ ಒತ್ತುತ್ತಾರೆ. "ಎರಡೇ ಎರಡು ಗುಳಿ ಅಕ್ಕ, ಅಷ್ಟು ಮಾಡಿಕೊಡಿ" ಎಂದು ಪ್ರತೀಕ್ ಗೋಗರೆಯುತ್ತಾನೆ.

ಹರಿಣಾಕ್ಷಿ ಬಾಯಿ ತೆರೆಯುವ ಮೊದಲೇ ಹೊಸ್ತಿಲಿನಿಂದ ಉತ್ತರ ಬರುತ್ತದೆ. "ಹದಿನಾರು ಗುಳಿ ಇದ್ದರೆ ಅದು ಚೆನ್ನೆ ಅಲ್ಲ ಮಾರಾಯ, ಕಟ್ಟಿಗೆ. ಒಲೆಗೆ ಹಾಕಲಿಕ್ಕೆ ಆದೀತು!"

ಆ ಕಡೆಯಿಂದ ಪ್ರತೀಕ್ ದನಿ ತಗ್ಗಿಸಿ ಕೇಳುತ್ತಾನೆ: "ಯಾರಕ್ಕ ಅದು?"

"ಮಣೆಯ ಯಜಮಾನರು" ಎನ್ನುತ್ತಾರೆ ಹರಿಣಾಕ್ಷಿ. "ಹದಿನಾಲ್ಕು. ಬೇಕಾದರೆ ಕರೆಯಿರಿ."

ಉಳಿದವರನ್ನು ಕೇಳಿ ಹೇಳುತ್ತೇನೆಂದು ಪ್ರತೀಕ್ ಫೋನಿಡುತ್ತಾನೆ. ಈ ಬರಹ ಮುಗಿಯುವವರೆಗೂ ಅವನ ಕರೆ ಬಂದಿಲ್ಲ.

ರತ್ನಾವತಿ ಕೈತೊಳೆದು, ಸೆರಗಿಗೆ ಒರೆಸಿಕೊಂಡು ಬರುತ್ತಾರೆ. ಈಗ ಪುಯಿಂತೆಲ್ ತಿಂಗಳು, ಆಟಿಗೆ ಅರ್ಧ ವರ್ಷ ಬಾಕಿ. ಅದನ್ನೇ ಗೊಣಗುತ್ತಾ ಅವರು ಮಗಳ ಎದುರು, ಇಷ್ಟು ವರ್ಷ ಖಾಲಿ ಬಿದ್ದಿದ್ದ ಬದಿಯಲ್ಲಿ ಕೂರುತ್ತಾರೆ. "ಆ ಗುಳಿಯಿಂದ ತೆಗೆದರೆ ನೀನು ಸೋಲ್ತಿ" ಎಂದು ಗದರಿ, ತಮ್ಮ ಬದಿಯ ಕಾಯಿಗಳನ್ನು ಬಾಚಿಕೊಂಡು ಬಿಡತೊಡಗುತ್ತಾರೆ. ಸ್ಪೀಕರಿನಲ್ಲಿ ಹರಿಣಾಕ್ಷಿ ಎಂದೂ ಕೇಳದ ರಾಗ.

ಮಗಳ ಕಣ್ಣು ತುಂಬಿದೆ, ದನಿ ಮಾತ್ರ ಬಗ್ಗಿಲ್ಲ. "ಬರೆಯುವುದಾದರೆ ಹೀಗೆ ಬರೆಯಿರಿ. ಕಾಪುವಿನಲ್ಲಿ ಹದಿನಾಲ್ಕೇ ಗುಳಿ. ಎಣಿಸಲಿಕ್ಕೆ ಬಾರದವರು ಕಲಿತು ಬರಲಿ. ಅಮ್ಮ ಕಲಿಸ್ತಾರೆ."