ಲೇತ್‌ಗೆ ಸಿಕ್ಕ ಮುದ್ದೆ ಕೋಲು

ನನಗಿನ್ನೂ ಇಪ್ಪತ್ತು ತುಂಬಿಲ್ಲ. ಆದರೂ ‘ಆ ಕಾಲದಲ್ಲಿ’ ಎಂದು ಶುರು ಮಾಡಿದರೆ ನಗಬೇಡಿ. ಶಾಲೆಗೆ ಬೀಗ ಬಿದ್ದು, ಪಾಠವೆಲ್ಲ ಅಪ್ಪನ ಮೊಬೈಲಿಗೆ ಬಂದು, ಸಿಗ್ನಲ್ ಸಿಗಲೆಂದು ಊರ ಮಕ್ಕಳೆಲ್ಲ ನೀರಿನ ಟ್ಯಾಂಕಿನ ಮೆಟ್ಟಿಲು ಹತ್ತುತ್ತಿದ್ದ ಆ ಕಾಲ ಈಗ ನನಗೇ ನಂಬಿಕೆ ಬಾರದಷ್ಟು ಹಿಂದೆ ಹೋಗಿದೆ. ನಾನಾಗ ಎಂಟನೇ ಕ್ಲಾಸು. ನಮ್ಮೂರು ಇರುವುದು ಬಿಳಿಗೆರೆ ಹೋಬಳಿಯಲ್ಲಿ. ಅಪ್ಪ ನಂಜನಗೂಡಿನ ಒಂದು ಶಾಲೆಗೆ ವ್ಯಾನ್ ಓಡಿಸುತ್ತಿದ್ದ. ಶಾಲೆಯೇ ಇಲ್ಲವಾದ ಮೇಲೆ ವ್ಯಾನನ್ನು ಮನೆ ಮುಂದೆ ನಿಲ್ಲಿಸಿ, ಜಗಲಿಯಲ್ಲಿ ಕೂತು ದಿನವಿಡೀ ವಿಡಿಯೋ ನೋಡುತ್ತಿದ್ದ.

ನೋಡಿ ನೋಡಿಯೇ ಅವನು ಲೇತ್ ತರಿಸಿದ್ದು. ವಿಡಿಯೋದಲ್ಲಿ ಯಾರೋ ತಿರುಗುವ ಮರಕ್ಕೆ ಉಳಿ ತಾಗಿಸಿದರೆ ಸಿಪ್ಪೆ ಸುಲಿದ ಹಾಗೆ ಮರ ಸುಲಿದು ಬಟ್ಟಲಾಗುತ್ತಿತ್ತು. ಕೊರಿಯರ್‌ನವನು ನಮ್ಮೂರಿನವರೆಗೆ ಬರಲಿಲ್ಲ. ಅಪ್ಪ ಬಿಳಿಗೆರೆಗೆ ಹೋಗಿ ಪೆಟ್ಟಿಗೆಯನ್ನು ಟಿವಿಎಸ್ ಮೇಲಿಟ್ಟುಕೊಂಡು ಬಂದ. ಒಳಗಿದ್ದದ್ದು ಅಮ್ಮನ ಹೊಲಿಗೆ ಮಿಷನ್ನಿಗಿಂತ ಚಿಕ್ಕದು.

“ಇದೇನ್ಲಾ, ನೀರೆತ್ತೋ ಮೋಟ್ರಾ?” ಎಂದಳು ಅಜ್ಜಿ.

“ಅಲ್ಲ ಕಣವ್ವ, ಮರ ಕಡೆಯೋ ಮಿಷನ್ನು. ಅಗ್ಗಕ್ಕೆ ಸಿಕ್ತು.”

“ಅಗ್ಗದ್ದಾದ್ರೆ ಅಟ್ಟಕ್ಕಾಕು,” ಎಂದು ಅಜ್ಜಿ ಒಳಗೆ ಹೋದಳು.

ಅವಳ ಮಾತು ಮೂರೇ ದಿನಕ್ಕೆ ನಿಜವಾಗುವುದರಲ್ಲಿತ್ತು. ಅಪ್ಪ ಬೇವಿನ ತುಂಡೊಂದನ್ನು ಸಿಕ್ಕಿಸಿ, ಸ್ವಿಚ್ ಹಾಕಿ, ಉಳಿಯನ್ನು ಬಲವಾಗಿ ಒತ್ತಿದ. ಉಳಿ ಕಚ್ಚಿಕೊಂಡಿತು, ತುಂಡು ಹಾರಿ ನೀರಿನ ಡ್ರಮ್ಮಿಗೆ ಬಡಿಯಿತು. ಕಟ್ಟಿದ್ದ ಎಮ್ಮೆ ಹಗ್ಗ ಕಿತ್ತುಕೊಂಡು ಓಡಿತು. ಎಮ್ಮೆಯನ್ನು ಹಿಡಿದು ತಂದ ಮೇಲೆ ಅಪ್ಪ ಆ ಮಿಷನ್ನಿನ ಹತ್ತಿರ ಸುಳಿಯಲಿಲ್ಲ.

ನಾನು ಸುಳಿದೆ. ಆನ್‌ಲೈನ್ ಪಾಠಕ್ಕಿಂತ ಅದು ಚೆನ್ನಾಗಿತ್ತು. ಮಿಷನ್ ಎಷ್ಟು ಹಗುರವೆಂದರೆ ಸ್ವಿಚ್ ಹಾಕಿದೊಡನೆ ತಾನೇ ನಡೆಯುತ್ತಿತ್ತು. ಅದನ್ನು ಹಳೆಯ ಹಲಗೆಗೆ ಬೋಲ್ಟ್ ಹಾಕಿಸಿ, ಹಲಗೆಯ ಮೇಲೆ ಗುಂಡುಕಲ್ಲು ಹೇರಿದೆ. ಜೊತೆಗೆ ಬಂದಿದ್ದ ಉಳಿಗಳು ಬದನೆಕಾಯಿಯನ್ನೂ ಕುಯ್ಯುತ್ತಿರಲಿಲ್ಲ. ಬಟ್ಟೆ ಒಗೆಯುವ ಕಲ್ಲಿನ ಅಂಚಿಗೆ ಉಜ್ಜಿ ಉಜ್ಜಿ ಹರಿತ ಮಾಡಿದೆ. ಉಳಿಯನ್ನು ಒತ್ತಬಾರದು, ತಾಗಿಸಬೇಕು. ಒತ್ತಿದರೆ ಬೆಲ್ಟ್ ಜಾರಿ ಮೋಟರ್ ಗುಂಯ್ ಎಂದು ನರಳುತ್ತದೆ. ಇಷ್ಟು ತಿಳಿಯಲು ನನಗೆ ಒಂದು ತಿಂಗಳೂ ನಾಲ್ಕು ಬೆರಳಿಗೆ ಬಟ್ಟೆಯ ಪಟ್ಟಿಯೂ ಬೇಕಾದವು.

ಮೊದಲ ಬುಗುರಿ ಸೀಬೆಮರದ್ದು. ಸೊಟ್ಟಗೆ ಸುತ್ತಿ ಎಮ್ಮೆಯ ಕಾಲಡಿಗೆ ನುಗ್ಗಿತು. ಹತ್ತನೆಯದು ನಿಂತು ಸುತ್ತಿತು. ಹಸಿ ಸೀಬೆಯ ಸಿಪ್ಪೆ ಹಾರಿ ತಲೆಗೂದಲಲ್ಲಿ ಸಿಕ್ಕಿಕೊಂಡರೆ ಸ್ನಾನ ಮಾಡುವವರೆಗೂ ಅದರ ವಾಸನೆ ಬಿಡುತ್ತಿರಲಿಲ್ಲ. ಬೀದಿಯ ಮಕ್ಕಳಿಗೆಲ್ಲ ಬುಗುರಿ ಹಂಚಿದೆ. ಅಮ್ಮನಿಗೆ ಲಟ್ಟಣಿಗೆ ಮಾಡಿಕೊಟ್ಟೆ, ಅವಳು ಅದನ್ನು ಪಕ್ಕದ ಮನೆಯವರಿಗೆಲ್ಲ ತೋರಿಸಿ ಬಂದಳು. ನನ್ನ ತಲೆ ನಿಲ್ಲಲಿಲ್ಲ. ಮನೆಯಲ್ಲಿ ದುಂಡಗೆ ನುಣ್ಣಗೆ ಇಲ್ಲದ್ದೆಲ್ಲ ನನ್ನ ಕಣ್ಣಿಗೆ ಕೆಟ್ಟದಾಗಿ ಕಾಣತೊಡಗಿತು.

ಅದರಲ್ಲಿ ಎಲ್ಲಕ್ಕಿಂತ ಕೆಟ್ಟದಾಗಿ ಕಂಡದ್ದು ಅಜ್ಜಿಯ ಮುದ್ದೆ ಕೋಲು. ಮದುವೆಯಾಗಿ ಬರುವಾಗ ಅವಳು ಮುಡುಕುತೊರೆಯ ತವರಿನಿಂದ ತಂದದ್ದು, ಅವಳಪ್ಪ ಹುಣಸೆ ಕೊಂಬೆಯಲ್ಲಿ ಕೆತ್ತಿದ್ದು. ಕಪ್ಪಗಾಗಿ, ಸೊಟ್ಟಗಾಗಿ, ಹಿಡಿಯ ಒಂದು ಮಗ್ಗುಲು ತಗ್ಗಾಗಿತ್ತು. ಮನೆಯಲ್ಲಿ ಮುದ್ದೆ ತೊಳಸುವ ಕೆಲಸ ಅಜ್ಜಿ ಯಾರಿಗೂ ಬಿಟ್ಟವಳಲ್ಲ. ಮಿಕ್ಕ ಅಡುಗೆಯೆಲ್ಲ ಅಮ್ಮನ ಕೈಗೆ ಹೋಗಿತ್ತು. ಅಜ್ಜಿಗೆ ಉಳಿದದ್ದು ಇದೊಂದೇ. ನೆಲದ ಮೇಲೆ ಕೂತು, ಬಿಸಿ ಪಾತ್ರೆಗೆ ಬಟ್ಟೆ ಸುತ್ತಿ ಎರಡೂ ಪಾದಗಳಿಂದ ಒತ್ತಿ ಹಿಡಿದು, ಹಿಟ್ಟಿನೊಳಗೆ ಕೋಲು ಹಾಕಿ ಅವಳು ತೊಳಸುವಾಗ ಯಾರೂ ಮಾತಾಡಿಸುವಂತಿರಲಿಲ್ಲ.

ಬಸ್ಸು ಮತ್ತೆ ಓಡತೊಡಗಿದಾಗ ಅಜ್ಜಿ ಎರಡು ದಿನ ತಮ್ಮನ ಮನೆಗೆಂದು ಮುಡುಕುತೊರೆಗೆ ಹೋದಳು. ಬರುವುದರೊಳಗೆ ಕೋಲನ್ನು ಹೊಸದು ಮಾಡಿ ಬೆರಗುಗೊಳಿಸೋಣ ಎನ್ನಿಸಿತು ನನಗೆ. ಸೊಟ್ಟ ಕೋಲು ದುಂಡಗಾಗಬೇಕಾದರೆ ತಗ್ಗಿನ ಮಟ್ಟಕ್ಕೆ ಉಳಿದದ್ದೆಲ್ಲ ಇಳಿಯಬೇಕು. ಇಳಿಸಿದೆ. ಕಪ್ಪು ಹೋಗಿ ಒಳಗಿನ ಕೆಂಪು ಬಂತು. ಉಪ್ಪುಕಾಗದ ಹಿಡಿದು ಉಜ್ಜಿ, ಕೊಬ್ಬರಿ ಎಣ್ಣೆ ಸವರಿದೆ. ಸಿಪ್ಪೆಯನ್ನೆಲ್ಲ ಗುಡಿಸಿ ಹಂಡೆ ಒಲೆಗೆ ಹಾಕಿ, ಅದರಲ್ಲಿ ಕಾದ ನೀರನ್ನೇ ಮೈಗೆ ಹುಯ್ದುಕೊಂಡೆ.

ಅಜ್ಜಿ ಬಂದು ಕೋಲನ್ನು ಕೈಗೆ ತೆಗೆದುಕೊಂಡಳು. ತಿರುಗಿಸಿ ನೋಡಿದಳು.

“ನೀನಾ ಮಾಡ್ದೆ, ಕೂಸು?”

“ಊಂ ಅಜ್ಜಿ. ಚೆಂದಾಗದಾ?”

“ಚೆಂದಾಗದೆ ಕಣವ್ವ,” ಎಂದಳು.

ರಾತ್ರಿ ಊಟಕ್ಕೆ ಕೂತಾಗ ಅಪ್ಪ ಮುದ್ದೆ ಮುರಿದವನು ಹಾಗೇ ಕೈ ನಿಲ್ಲಿಸಿದ. ಒಳಗೆ ಒಣಹಿಟ್ಟಿನ ಗಂಟು. ನನಗೆ ಬುದ್ಧಿ ಬಂದಾಗಿನಿಂದ ಅಜ್ಜಿಯ ಮುದ್ದೆಯಲ್ಲಿ ಗಂಟು ಕಂಡದ್ದು ಅದೇ ಮೊದಲು.

“ಏನವ್ವ ಇವತ್ತು?” ಎಂದ ಅಪ್ಪ.

“ಕೋಲು ಕೈಲಿ ನಿಲ್ದು ಕಣಪ್ಪ. ಉಳ್ಳೋಯ್ತದೆ,” ಎಂದಳು ಅಜ್ಜಿ. ನನ್ನ ಕಡೆ ನೋಡಲಿಲ್ಲ.

ಅವಳ ಬಲಗೈ ಹೆಬ್ಬೆರಳು ಮಡಚುತ್ತಿರಲಿಲ್ಲ. ಕಬ್ಬು ಕಡಿಯುವಾಗ ಎಂದೋ ಮಚ್ಚು ತಾಗಿದ್ದು. ಅದನ್ನು ಹುಟ್ಟಿದಾಗಿನಿಂದ ನೋಡಿದ್ದೆ. ಕೋಲಿನ ಮೇಲಿನ ತಗ್ಗು ಆ ನೆಟ್ಟಗಿನ ಬೆರಳೇ ವರ್ಷಗಟ್ಟಲೆ ಊರಿ ಸವೆಸಿಕೊಂಡ ಜಾಗವೆಂದು ಮಾತ್ರ ಹೊಳೆದಿರಲಿಲ್ಲ. ಆ ತಗ್ಗಿನ ಬಲದಿಂದಲೇ ಕೋಲು ಅವಳ ಅಂಗೈಯಲ್ಲಿ ಉರುಳದೆ ನಿಲ್ಲುತ್ತಿತ್ತು. ಮರುದಿನ ಹಿಟ್ಟು ಕುದಿಯುವಾಗ ಅಜ್ಜಿ ಕೋಲನ್ನು ಅಮ್ಮನ ಕಡೆ ಚಾಚಿ, “ಇನ್ಮೇಲೆ ನೀನೇ ತೊಳ್ಸವ್ವ,” ಎಂದು ಜಗಲಿಗೆ ಹೋಗಿ ಕೂತಳು. ಅವಳು ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಹಿತ್ತಲಲ್ಲಿದ್ದ ಹುಣಸೆ ಕೊಂಬೆ ತಂದೆ. ಲೇತ್ ಹತ್ತಿರ ಹೋಗಲಿಲ್ಲ. ಅದರಲ್ಲಿ ಹುಟ್ಟುವುದೆಲ್ಲ ದುಂಡಗೆ. ಚಾಕು ಹಿಡಿದು ಅಜ್ಜಿಯ ಪಕ್ಕ ಕೂತು ಮೂರು ದಿನ ಕೆತ್ತಿದೆ. ಮೊದಲ ದಿನ ಅವಳು ನೋಡಲೇ ಇಲ್ಲ. ಎರಡನೆಯ ದಿನ ಕೋಲನ್ನು ಕಸಿದುಕೊಂಡು ಹೆಬ್ಬೆರಳು ಊರಿದಳು.

“ಇಲ್ಲಿ ವಸಿ ತೆಗಿ. ವಸಿ ಅಂದ್ರೆ ವಸಿ ಕಣ್ಮಗ, ನಿನ್ ಮಿಷನ್ನಂಗೆ ಕೆರೀಬ್ಯಾಡ.”

“ಸರಿ ಓಯ್ತಾ ಅಜ್ಜಿ?”

“ಮಿಕ್ಕಿದ್ದ ನಾನು ಸವೆಸ್ಕೋತೀನಿ ಬುಡು.”

ನಾಲ್ಕನೆಯ ದಿನ ಪಾತ್ರೆಯ ಮುಂದೆ ಅವಳೇ ಕೂತಳು. ಮುದ್ದೆಯಲ್ಲಿ ಸಣ್ಣ ಸಣ್ಣ ಗಂಟಿದ್ದವು. ಎಲ್ಲರೂ ಹಾಗೇ ನುಂಗಿದೆವು. ಮುಂದಿನ ಹಬ್ಬದ ಹೊತ್ತಿಗೆ ಗಂಟು ಇರಲಿಲ್ಲ.

ಶಾಲೆ ತೆರೆಯಿತು, ಅಪ್ಪ ವ್ಯಾನ್ ಹತ್ತಿದ, ಲೇತ್ ಕೊನೆಗೂ ಅಟ್ಟ ಸೇರಿತು. ಇನ್ನೆರಡು ವರ್ಷ ತೊಳಸಿ ಅಜ್ಜಿ ಹೋದಳು. ಈಗ ಮನೆಯಲ್ಲಿ ಮುದ್ದೆ ಮಾಡಲು ಅಮ್ಮನಿಗೆ ಬೇರೆ ಕೋಲಿದೆ. ಊರಿಗೆ ಹೋದಾಗಲೆಲ್ಲ ನಾನು ಅಜ್ಜಿಯದನ್ನು ಅಟ್ಟದಿಂದ ಕೆಳಗಿಳಿಸಿ ಹೆಬ್ಬೆರಳನ್ನು ನೆಟ್ಟಗೆ ಮಾಡಿ ಊರುತ್ತೇನೆ. ಚಾಕುವಿನ ಗೀರು ಸವೆದು, ಅವಳ ಬೆರಳಿನ ತಗ್ಗು ಆಗಷ್ಟೇ ಇಳಿಯತೊಡಗಿತ್ತು, ಉಗುರಿನಷ್ಟು. ಹಳೆಯ ಕೋಲಿನಲ್ಲಿ ಅದು ಬೆರಳು ಪೂರ್ತಿ ಕೂರುವಷ್ಟಿತ್ತು. ಅದನ್ನು ಸುಲಿದು ಹಾಕಲು ನನಗೆ ಅರ್ಧ ಗಂಟೆಯೂ ಹಿಡಿದಿರಲಿಲ್ಲ.