ಗೌಸ್ ಮೇಷ್ಟ್ರ ಅಲೆಗಳ ಪಾಠ

ಗೌಸ್ ಮೇಷ್ಟ್ರ ಬಲ ಅಂಗೈಯಲ್ಲಿ ಸದಾ ಹಗ್ಗ ಉಜ್ಜಿದ ಗಾಯ. ಶಿವಾಜಿನಗರದ ಶಾಲೆಯಲ್ಲಿ ನಮಗೆ ವಿಜ್ಞಾನ ಹೇಳಿಕೊಡುತ್ತಿದ್ದ ಅವರು, ಬಾವಿಹಗ್ಗದ ಒಂದು ತುದಿಯನ್ನು ಕಿಟಕಿ ಸರಳಿಗೆ ಕಟ್ಟಿ ಇನ್ನೊಂದನ್ನು ಅಲ್ಲಾಡಿಸುತ್ತಿದ್ದರು. ನಿಧಾನಕ್ಕೆ ಆಡಿಸಿದರೆ ಉದ್ದನೆಯ ಅಲೆ, ಅದು ರೇಡಿಯೋ. ಬಿರುಸಾದಂತೆ ಅಲೆ ಗಿಡ್ಡವಾಗುತ್ತ ಮೈಕ್ರೋವೇವ್, ಅವಕೆಂಪು, ಬೆಳಕು, ನೇರಳಾತೀತ, ಎಕ್ಸ್‌ರೇ. ಗಾಮಾ ಬರುವಷ್ಟರಲ್ಲಿ ಮೇಷ್ಟ್ರಿಗೆ ಏದುಸಿರು.

"ಎಲ್ಲಾ ಒಂದೇ ಮನೆ ಮಕ್ಕಳು ಕಣ್ರೋ. ಖಾಲಿ ಜಾಗದಲ್ಲಿ ಎಲ್ಲರದ್ದೂ ಒಂದೇ ಸ್ಪೀಡು. ಗಿಡ್ಡ ಆದಷ್ಟೂ ಶಕ್ತಿ ಜಾಸ್ತಿ."

ನಿವೃತ್ತರಾದ ಮೇಲೆ ಹೊರಮಾವಿನಲ್ಲಿ ನಮ್ಮ ಎದುರು ಮನೆಗೇ ಬಂದರು. ನಮ್ಮ ತಾರಸಿಯ ಮೇಲೆ ಮೊಬೈಲ್ ಟವರ್ ಇತ್ತು. ಬೀದಿಯವರು ಅದಕ್ಕೆ ಹೆದರಿದರೆ ಮೇಷ್ಟ್ರು ನಗುತ್ತಿದ್ದರು.

ಹೋದ ವರ್ಷ ಅವರ ಹೆಂಡತಿ ಜುಬೇದಾ ಆಂಟಿಗೆ ಗಂಟಲಲ್ಲಿ ಕ್ಯಾನ್ಸರ್ ಗಂಟು ಕಾಣಿಸಿತು. ಬೇಗ ರೇಡಿಯೇಷನ್ ಕೊಟ್ಟರೆ ಉಳಿಯುತ್ತಾರೆ ಎಂದರು ಡಾಕ್ಟರು. ಆಂಟಿ ಒಪ್ಪಲಿಲ್ಲ. ಗಂಟು ಬಂದದ್ದೇ ಟವರಿನ ಅಲೆಯಿಂದ, ಮೊದಲು ಅದು ನಿಲ್ಲಲಿ, ಆಮೇಲೆ ಆಸ್ಪತ್ರೆ ಎಂದು ಹಠ ಹಿಡಿದರು. ಟವರ್ ಕಂಪನಿಯದ್ದು, ನಿಲ್ಲಿಸುವುದು ನಮ್ಮ ಕೈಯಲ್ಲಿರಲಿಲ್ಲ.

ಮೇಷ್ಟ್ರು ನಮ್ಮ ಗೇಟಿನ ಬಳಿ ಬಂದು ನಿಂತರು. ಮುಖ ನೋಡಲಾಗುತ್ತಿರಲಿಲ್ಲ.

"ಟವರ್ ಆಫ್ ಮಾಡಿಸಿದೀವಿ ಅಂತ ಒಂದು ಮಾತು ಹೇಳ್ಬಿಡು ಬೇಟಾ. ಸುಳ್ಳೇ ಇರ್ಲಿ. ಅವಳು ಬರ್ತಾಳೆ."

ನನಗೆ ಆವತ್ತು ಎಲ್ಲಿಲ್ಲದ ಸತ್ಯಸಂಧತೆ ಬಂದುಬಿಟ್ಟಿತು. ಮೇಷ್ಟ್ರ ಶಿಷ್ಯನಾಗಿ ಸುಳ್ಳು ಹೇಳುವುದೇ ಎಂದುಕೊಂಡು ಆಂಟಿಯ ಮಂಚದ ಪಕ್ಕ ಕೂತು ತಿಳಿಹೇಳಿದೆ. ಟವರಿನದ್ದು ಉದ್ದದ ಅಲೆ, ಜೀವಕೋಶ ಹಾಳುಮಾಡುವ ಶಕ್ತಿ ಅದಕ್ಕಿಲ್ಲ. ಆಸ್ಪತ್ರೆಯದ್ದು ಗಿಡ್ಡ ಅಲೆ, ಅದಕ್ಕಿದೆ, ಅದರಿಂದಲೇ ಗಂಟು ಸಾಯುವುದು ಎಂದೆ. ಬಾಗಿಲಲ್ಲಿ ನಿಂತಿದ್ದ ಮೇಷ್ಟ್ರು ಸಾಕು ಎಂದು ಕೈಸನ್ನೆ ಮಾಡುತ್ತಿದ್ದರು. ಕಂಡರೂ ನಾನು ನಿಲ್ಲಿಸಲಿಲ್ಲ, ಪೆದ್ದ.

"ಅಂದ್ರೆ ಟವರ್‌ಗಿಂತ ಕೆಟ್ಟದ್ದು ಆಸ್ಪತ್ರೇಲಿದೆ ಅಂತಾಯ್ತು," ಎಂದು ಆಂಟಿ ಗೋಡೆಯ ಕಡೆ ತಿರುಗಿ ಮಲಗಿದರು. ಆಮೇಲೆ ಮೇಷ್ಟ್ರು ಕಾಲು ಹಿಡಿದು ಬೇಡಿಕೊಂಡರೂ ಅವರು ಆಸ್ಪತ್ರೆಯ ಮೆಟ್ಟಿಲು ಹತ್ತಲಿಲ್ಲ.

ಆಂಟಿ ತೀರಿಕೊಂಡ ಮೇಲೆ ಮೇಷ್ಟ್ರು ಪುಲಿಕೇಶಿನಗರದ ತಂಗಿಯ ಮನೆಗೆ ಹೊರಟರು. ಆಟೋಗೆ ಪೆಟ್ಟಿಗೆ ಇಟ್ಟುಕೊಡುತ್ತ, ಆಂಟಿಯನ್ನು ನಾನೇ ಕೊಂದೆ ಎಂದು ಅತ್ತೆ. ಅವರು ನನ್ನ ಕೈ ಹಿಡಿದುಕೊಂಡರು.

"ನೀನು ಒಂದಕ್ಷರಾನೂ ತಪ್ಪು ಹೇಳ್ಲಿಲ್ಲ ಬೇಟಾ. ಅಷ್ಟು ಚೆನ್ನಾಗಿ ಕಲಿಸ್ಬಾರ್ದಿತ್ತು ನಾನು."

ಆಮೇಲೆ ಎಷ್ಟು ಸಲ ಫೋನ್ ಮಾಡಿದರೂ ಅವರು ಎತ್ತಿಲ್ಲ.